ಎಪ್ಪತ್ತೆರಡರಲ್ಲಿ ಒಂದು ಪಾಲು

ದೊಡ್ಡದನ್ನು ಚಿಕ್ಕದು ಮಾಡಿ ನೋಡುವ ಆಸೆ ಮನುಷ್ಯನಿಗೆ ಹುಟ್ಟಿನಿಂದಲೇ ಬಂದದ್ದು. ಮಗು ಮರಳಿನಲ್ಲಿ ಮನೆ ಕಟ್ಟುತ್ತದೆ; ಬೆರಳುದ್ದದ ಪಾತ್ರೆಗಳಲ್ಲಿ ಅಡುಗೆಯಾಟ ಆಡುತ್ತದೆ; ನವರಾತ್ರಿಯ ಗೊಂಬೆಗಳ ಮೆಟ್ಟಿಲ ಮೇಲೆ ರಾಜ, ರಾಣಿ, ಸಿಪಾಯಿ, ಶೆಟ್ಟಿ ಎಲ್ಲರೂ ಗೇಣುದ್ದವಾಗಿ ಸಾಲುಗಟ್ಟಿ ನಿಲ್ಲುತ್ತಾರೆ. ಚಿಕ್ಕದಾದದ್ದೆಲ್ಲ ಮುದ್ದಾಗುತ್ತದೆ ಎಂಬುದು ಎಲ್ಲರ ಅನುಭವ. ಸಿಪಾಯಿಯ ಕೈಯ ಕತ್ತಿ ಬೆಂಕಿಕಡ್ಡಿಯಷ್ಟಾದಾಗ ಅದಕ್ಕೆ ಯಾರೂ ಹೆದರುವುದಿಲ್ಲ. ಇಲ್ಲಿಯವರೆಗೆ ತೊಡಕೇನೂ ಇಲ್ಲ. ಆದರೆ ಹಾಗೆ ಚಿಕ್ಕದು ಮಾಡಿದ ವಸ್ತು ಒಂದು ಕಾಲದಲ್ಲಿ ನಿಜವಾಗಿ ಇದ್ದದ್ದು, ನಿಜವಾದ ಜನರ ಮೇಲೆ ಪ್ರಯೋಗವಾದದ್ದು ಆಗಿದ್ದರೆ? ವಸ್ತುವನ್ನು ಕುಗ್ಗಿಸಿದಾಗ ಅದರ ಕರ್ಮವೂ ಕುಗ್ಗುತ್ತದೆಯೆ?

ಪ್ರಶ್ನೆ ನನಗೆ ಹೊಳೆದದ್ದು ಒಂದು ಆಟದ ವಿಮಾನದ ದೆಸೆಯಿಂದ. ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮಿತ್ರರೊಬ್ಬರಿಗೆ ಹಳೆಯ ವಿಮಾನಗಳ ಮಾದರಿಗಳನ್ನು ಕೂಡಿಸುವ ಹವ್ಯಾಸ. ಆಟ ಎಂದರೆ ಅವರಿಗೆ ಕೋಪ ಬರುತ್ತದೆ, ‘ಮಾದರಿ’ ಎನ್ನಬೇಕು. ಅವರು ಈಚೆಗೆ ಮುಗಿಸಿದ್ದು ಪೊಟೆಜ್ 25 ಎಂಬ ಫ್ರೆಂಚ್ ಸೇನಾವಿಮಾನ. ಎರಡು ಮಹಾಯುದ್ಧಗಳ ನಡುವಣ ಕಾಲದ್ದು. ಮೇಲೊಂದು, ಕೆಳಗೊಂದು, ಹೀಗೆ ಎರಡು ಅಂತಸ್ತಿನ ರೆಕ್ಕೆಯ ಬೈಪ್ಲೇನ್. ಕೆಳಗಿನ ರೆಕ್ಕೆ ಮೇಲಿನದಕ್ಕಿಂತ ಗಿಡ್ಡ. ಪೆಟ್ಟಿಗೆಯಲ್ಲಿ ಬರುವುದು ಬೂದುಬಣ್ಣದ ಪ್ಲಾಸ್ಟಿಕ್ಕಿನ ಚೂರುಗಳು, ಜೋಡಣೆಯ ಚಿತ್ರವಿರುವ ಹಾಳೆ, ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳು. ಉಳಿದದ್ದೆಲ್ಲ ಮನುಷ್ಯನ ತಾಳ್ಮೆ. ಚೂರುಗಳನ್ನು ಕತ್ತರಿಸಿ, ಅಂಚುಗಳನ್ನು ಉಜ್ಜಿ, ಅಂಟು ಹಚ್ಚಿ, ಒಣಗುವವರೆಗೆ ಕಾದು, ಎರಡು ರೆಕ್ಕೆಗಳ ನಡುವಣ ತಂತಿಗಳಿಗೆ ಕೂದಲಿನಂಥ ಎಳೆಯನ್ನು ಬಿಗಿದು, ಕೊನೆಗೆ ನೀಲಿ, ಬಿಳಿ, ಕೆಂಪು ಬಳೆಗಳ ಫ್ರೆಂಚ್ ಗುರುತನ್ನು ಅಂಟಿಸಬೇಕು. ನೀಲಿ ನಡುವೆ, ಕೆಂಪು ಹೊರಗೆ. ತಿರುವುಮುರುವಾದರೆ ಇಂಗ್ಲಿಷರ ವಿಮಾನವಾಗಿಬಿಡುತ್ತದೆ! ಈ ಕೆಲಸಕ್ಕೆ ಮಿತ್ರರು ಎರಡು ತಿಂಗಳ ಸಂಜೆಗಳನ್ನು ಕೊಟ್ಟರು. ಅಷ್ಟು ಶ್ರದ್ಧೆಯನ್ನು ನೋಡಿ ನಗುವುದು ಸುಲಭ, ನ್ಯಾಯವಲ್ಲ. ಹಳಗನ್ನಡದ ಒಂದು ಪಾಠಾಂತರಕ್ಕಾಗಿ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವ ನಮ್ಮ ಜಾತಿಯವರಂತೂ ನಗಲೇಬಾರದು.

ಮಾದರಿಯ ಅಳತೆ ಎಪ್ಪತ್ತೆರಡರಲ್ಲಿ ಒಂದು ಪಾಲು. ಈ ಲೆಕ್ಕ ಇಂಗ್ಲಿಷ್ ಅಡಿಗೋಲಿನಿಂದ ಬಂದದ್ದು: ಆರಡಿಗೆ ಎಪ್ಪತ್ತೆರಡು ಅಂಗುಲ, ಆದ್ದರಿಂದ ಆರಡಿಯ ಆಳು ಮಾದರಿಯಲ್ಲಿ ಒಂದಂಗುಲ. ನಿಜವಾದ ಪೊಟೆಜ್ ವಿಮಾನದ ರೆಕ್ಕೆಯ ಹರವು 14 ಮೀಟರಿಗೆ ತುಸು ಹೆಚ್ಚು. ಮಾದರಿಯದು 20 ಸೆಂಟಿಮೀಟರಿಗೆ ತುಸು ಕಡಿಮೆ. ಉದ್ದವನ್ನು 72 ಪಾಲು ಕುಗ್ಗಿಸಿದರೆ ಹರಹು 5,184 ಪಾಲು ಕುಗ್ಗುತ್ತದೆ, ಗಾತ್ರ 3,73,248 ಪಾಲು ಕುಗ್ಗುತ್ತದೆ. ಹತ್ತು ಕಿಲೋ ತೂಕದ ಒಂದು ಬಾಂಬನ್ನು ಈ ಲೆಕ್ಕಕ್ಕೆ ಇಳಿಸಿದರೆ ಅದರ ತೂಕ ಸುಮಾರು 27 ಮಿಲಿಗ್ರಾಮು, ಒಂದು ಅಕ್ಕಿಕಾಳಿನಷ್ಟು. ಗಣಿತ ಇಲ್ಲಿಯವರೆಗೆ ಬರುತ್ತದೆ. ಆ ಬಾಂಬು ಬಿದ್ದ ಮನೆಯಲ್ಲಿ ಆದ ದುಃಖವನ್ನು ಎಷ್ಟರಿಂದ ಭಾಗಿಸಬೇಕು? ಅದನ್ನು ಹೇಳುವ ಗಣಿತ ನಮ್ಮ ಮಿತ್ರರ ಶಾಸ್ತ್ರದಲ್ಲಿಯೂ ಇಲ್ಲ.

ಈ ವಿಮಾನದ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಆಂರಿ ಪೊಟೆಜ್ ಎಂಬ ಉದ್ಯಮಿಯ ಕಾರ್ಖಾನೆಯಲ್ಲಿ 1920ರ ದಶಕದ ನಡುವೆ ಹುಟ್ಟಿದ್ದು ಇದು. ಇಬ್ಬರು ಕೂರುವ ವಿಮಾನ: ಮುಂದೆ ನಡೆಸುವವನು, ಹಿಂದೆ ನೋಡುವವನು. ನೋಡುವುದೇ ಇದರ ಮೊದಲ ಕೆಲಸ. ಶತ್ರುವಿನ ನೆಲವನ್ನು ಮೇಲಿನಿಂದ ನೋಡಿ ಬಂದು ವರದಿ ಒಪ್ಪಿಸುವುದು. ಅದರ ಜೊತೆಗೆ ಬಾಂಬು ಹಾಕುವುದೂ ಸೇರಿತ್ತು. ಗಟ್ಟಿಮುಟ್ಟಾದ, ಹೇಳಿದಂತೆ ಕೇಳುವ ಯಂತ್ರವೆಂದು ಹೆಸರಾಗಿ ಸಾವಿರಗಟ್ಟಲೆ ತಯಾರಾಯಿತು; ಪೋಲೆಂಡ್, ರುಮೇನಿಯ, ಯುಗೊಸ್ಲಾವಿಯಗಳಲ್ಲಿ ಅಪ್ಪಣೆ ಪಡೆದು ಕಟ್ಟಿದರು; ದಕ್ಷಿಣ ಅಮೆರಿಕದ ಪರಾಗ್ವೆ ಕೂಡ ಕೊಂಡು 1932ರಿಂದ 1935ರವರೆಗಿನ ಚಾಕೊ ಯುದ್ಧದಲ್ಲಿ ಹಾರಿಸಿತು. ಇದರ ಅನೇಕ ರೂಪಗಳಲ್ಲಿ ಅತಿ ಹೆಚ್ಚು ತಯಾರಾದದ್ದಕ್ಕೆ ಹೆಸರಿನ ಮುಂದೆ ಮೂರು ಅಕ್ಷರಗಳಿದ್ದುವು: ಟಿ. ಓ. ಇ. ಫ್ರೆಂಚ್ ಭಾಷೆಯಲ್ಲಿ ಇದರ ಅರ್ಥ ‘ಹೊರನಾಡಿನ ಕಾರ್ಯಾಚರಣೆಯ ರಂಗಗಳು’. ಹೊರನಾಡು ಎಂದರೆ ಮೊರಾಕೊ, ಸಿರಿಯ, ಇಂಡೋಚೈನ. ಒಟ್ಟಿನಲ್ಲಿ ಫ್ರೆಂಚರು ಆಳುತ್ತಿದ್ದ, ಆದರೆ ಫ್ರೆಂಚರದಲ್ಲದ ನೆಲ. ರಂಗ ಎಂಬ ಮಾತನ್ನು ಗಮನಿಸಬೇಕು. ಕನ್ನಡದಲ್ಲಿಯೂ ರಣಕ್ಕೆ ರಂಗವೆಂದೇ ಹೆಸರು. ಮೇಲೆ ಕುಳಿತು ನೋಡುವವನಿಗೆ ಅದು ರಂಗ; ಅಲ್ಲೇ ಒಲೆ ಹೂಡಿ ಬದುಕುವವನಿಗೆ ಅದು ಊರು.

1930ನೆಯ ಇಸವಿಯ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿ ಇಡುತ್ತೇನೆ.

ಆ ವರ್ಷ ಜೂನ್ 13ರಂದು ಆಂರಿ ಗಿಯೋಮೆ ಎಂಬ ಫ್ರೆಂಚ್ ವೈಮಾನಿಕ ಪೊಟೆಜ್ 25ರಲ್ಲಿ ಟಪಾಲು ತುಂಬಿಕೊಂಡು ಚಿಲಿಯ ಸಾಂಟಿಯಾಗೊದಿಂದ ಆಂಡಿಸ್ ಪರ್ವತಗಳ ಮೇಲೆ ಹಾರಿದ. ಸೇನೆಗೆಂದು ಹುಟ್ಟಿದ ಯಂತ್ರ ಅಲ್ಲಿ ಅಂಚೆಯವನಾಗಿತ್ತು. ಹಿಮದ ಬಿರುಗಾಳಿಗೆ ಸಿಕ್ಕಿ, ಬೆಟ್ಟಗಳ ನಡುವಣ ಒಂದು ಸರೋವರದ ಬಳಿ ಇಳಿದಾಗ ವಿಮಾನ ಮಗುಚಿಕೊಂಡಿತು. ಎರಡು ದಿನ ಅದರ ಆಸರೆಯಲ್ಲಿ, ಟಪಾಲು ಚೀಲಗಳ ನಡುವೆ ಮುದುರಿಕೊಂಡು ಗಾಳಿ ಇಳಿಯುವುದನ್ನು ಕಾದ. ಅನಂತರ ಎದ್ದು ನಡೆದ. ಐದು ಹಗಲು, ನಾಲ್ಕು ರಾತ್ರಿ. ಮಲಗಿದರೆ ಸಾವು ಎಂದು ತಿಳಿದು ಮಲಗದೆ ನಡೆದ. ಅವನ ಗೆಳೆಯ ಸೇಂಟ್ ಎಕ್ಸುಪೆರಿ 1939ರ ತನ್ನ ಪುಸ್ತಕದಲ್ಲಿ ಇದನ್ನು ಬರೆದಿದ್ದಾನೆ. ಅದರಲ್ಲಿ ಒಂದು ವಿವರ ಹೃದಯಕ್ಕೆ ನಾಟುವಂಥದು: ಒಮ್ಮೆ ಹಿಮದಲ್ಲಿ ಬಿದ್ದು, ಇನ್ನು ಸಾಕು ಎಂದುಕೊಂಡಾಗ, ಹೆಣ ಸಿಗದಿದ್ದರೆ ಹೆಂಡತಿಗೆ ವಿಮೆಯ ಹಣ ಬರುವುದು ವರ್ಷಗಟ್ಟಲೆ ತಡವಾಗುತ್ತದೆಂಬ ಯೋಚನೆ ಬಂತಂತೆ. ಹೆಣವಾದರೂ ಕಣ್ಣಿಗೆ ಬೀಳಲಿ ಎಂದು ಎದುರಿನ ಬಂಡೆಯವರೆಗೆ ಹೋಗಲು ಎದ್ದವನು ಹಾಗೆಯೇ ಮುಂದೆ ನಡೆದ. ಕೊನೆಗೆ ಅವನನ್ನು ಕಂಡು ಕೈಹಿಡಿದು ಉಳಿಸಿದವರು ಆ ಬೆಟ್ಟದ ತಪ್ಪಲಿನ ಬಡ ಹಳ್ಳಿಗರು.

ಅದೇ ವರ್ಷ ಫೆಬ್ರವರಿಯಲ್ಲಿ ಇಂಡೋಚೈನದಲ್ಲಿ, ಎಂದರೆ ಈಗಿನ ವಿಯೆಟ್ನಾಮಿನಲ್ಲಿ, ಯೆನ್ ಬಾಯ್ ಎಂಬ ಊರಿನ ದಂಡಿನಲ್ಲಿ ಫ್ರೆಂಚರ ವಿರುದ್ಧ ಬಂಡಾಯವಾಯಿತು. ಅದು ಬೇಗ ಅಡಗಿತು. ಆದರೆ ಬಂಡಾಯದವರು ಅಡಗಿದ್ದಾರೆಂದು ಫೆಬ್ರವರಿ 16ರಂದು ಕೊ ಆಮ್ ಎಂಬ ಹಳ್ಳಿಯ ಮೇಲೆ ಫ್ರೆಂಚ್ ಸೇನೆಯ ವಿಮಾನಗಳು ಬಾಂಬು ಸುರಿದುವು. ಆಕಾಶದಿಂದ ನೋಡಿದರೆ ಬಂಡಾಯಗಾರನಿಗೂ ಬತ್ತ ಒಣಹಾಕುವ ಮುದುಕಿಗೂ ವ್ಯತ್ಯಾಸ ಕಾಣುವುದಿಲ್ಲ. ಸತ್ತವರಲ್ಲಿ ಏನೂ ಅರಿಯದ ಹಳ್ಳಿಗರೇ ಹೆಚ್ಚು. ಬಂಡಾಯದ ನಾಯಕ ನ್ಗುಯೆನ್ ಥಾಯ್ ಹೊಕ್, ಇನ್ನೂ ಮೂವತ್ತು ತುಂಬದ ತರುಣ, ಹನ್ನೆರಡು ಮಂದಿ ಸಂಗಡಿಗರೊಡನೆ ಗಿಲೊಟಿನ್ನಿಗೆ ತಲೆ ಕೊಟ್ಟದ್ದು ಜೂನ್ 17ರಂದು. ತಾರೀಖುಗಳನ್ನು ಜೋಡಿಸಿ ನೋಡಿ: ಆ ದಿನ ಗಿಯೋಮೆ ಆಂಡಿಸ್ ಪರ್ವತದ ಹಿಮದಲ್ಲಿ ಇನ್ನೂ ನಡೆಯುತ್ತಿದ್ದ.

ಒಂದು ಕಥೆಯನ್ನು ಜಗತ್ತೆಲ್ಲ ಓದಿತು. ಇನ್ನೊಂದನ್ನು ಆ ನಾಡಿನವರನ್ನು ಬಿಟ್ಟರೆ ಅರಿತವರು ವಿರಳ. ಇದು ಫ್ರೆಂಚರೊಬ್ಬರ ಪಾಪವೆಂದು ನಾನು ಹೇಳುತ್ತಿಲ್ಲ. ಇಂಗ್ಲಿಷರು ಅದೇ ದಶಕದಲ್ಲಿ ಇರಾಕಿನ ಹಳ್ಳಿಗಳನ್ನು ವಿಮಾನದಿಂದಲೇ ‘ಆಳುವ’ ವಿದ್ಯೆಯನ್ನು ಕಲಿತರು. ಅದಕ್ಕೂ ಮೊದಲು, ಜಲಿಯನ್‌ವಾಲಾ ಬಾಗಿನ ಮರುದಿನ, 1919ರ ಏಪ್ರಿಲ್ 14ರಂದು, ಅವಿಭಕ್ತ ಪಂಜಾಬಿನ ಗುಜ್ರಾನ್‌ವಾಲಾದ ಜನರ ಮೇಲೆ ಇಂಥವೇ ಎರಡು ಅಂತಸ್ತಿನ ರೆಕ್ಕೆಯ ವಿಮಾನಗಳಿಂದ ಬಾಂಬು ಬಿದ್ದುವು. ಆದ್ದರಿಂದ ಇದು ನಮಗೆ ತೀರ ದೂರದ ಮಾತೂ ಅಲ್ಲ.

ಈ ಸಂಗತಿಗಳನ್ನು ಮಿತ್ರರ ಮುಂದಿಟ್ಟಾಗ ಅವರು ಕೊಟ್ಟ ಉತ್ತರ ಹಳೆಯದು, ಆದರೆ ಗಟ್ಟಿಯಾದದ್ದು. “ಏನು ಸ್ವಾಮಿ, ಕನ್ನಡ ಮೇಷ್ಟ್ರು ನೀವು, ವಸ್ತುವಿಗೆ ಪಾಪ ಅಂಟಿಸುತ್ತೀರಲ್ಲ! ನಿಮ್ಮ ಮನೆಯ ಈಳಿಗೆಮಣೆಯಲ್ಲಿ ಕುಂಬಳಕಾಯಿಯನ್ನೂ ಹೆಚ್ಚಬಹುದು, ಕೈಯನ್ನೂ ಕೊಯ್ದುಕೊಳ್ಳಬಹುದು. ಅದಕ್ಕೆ ಈಳಿಗೆಮಣೆ ಹೊಣೆಯೆ? ಒಂದೇ ವಿಮಾನ ಟಪಾಲನ್ನೂ ಹೊತ್ತಿತು, ಬಾಂಬನ್ನೂ ಹೊತ್ತಿತು ಎಂದು ನೀವೇ ಹೇಳುತ್ತೀರಿ. ಹೊರಿಸಿದವನನ್ನು ಕೇಳಿ.”

ಹೊಣೆ ಮಾಡಿದವನದೇ, ಮಾಡಿಸಿದವನದೇ. ಇದನ್ನು ನಾನು ಒಪ್ಪುತ್ತೇನೆ. ಹಲಗೆ, ಬಟ್ಟೆ, ತಂತಿಗಳಿಗೆ ಪಾಪಪುಣ್ಯವಿಲ್ಲ. ಆದರೆ ಈಳಿಗೆಮಣೆಯ ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ. ಪ್ರತಿಯೊಂದು ಉಪಕರಣವೂ ಅದನ್ನು ಬಳಸುವವನಿಗೆ ಒಂದು ಬಗೆಯ ಭಂಗಿಯನ್ನು ಕಲಿಸುತ್ತದೆ. ನೇಗಿಲು ಬೆನ್ನನ್ನು ಬಗ್ಗಿಸುತ್ತದೆ. ಕುದುರೆ ಬೆನ್ನನ್ನು ನೆಟ್ಟಗೆ ಮಾಡುತ್ತದೆ. ಹಾಗೆಯೇ ಕೆಲವು ಉಪಕರಣಗಳು ಕಣ್ಣಿಗೂ ಭಂಗಿಯನ್ನು ಕಲಿಸುತ್ತವೆ. ವಿಮಾನ ಕಲಿಸಿದ ನೋಟ ಯಾವುದು ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಮತ್ತೆ ಗಣಿತಕ್ಕೆ ಬರೋಣ. 720 ಮೀಟರ್ ಎತ್ತರದಲ್ಲಿ ಹಾರುವವನು ಕೆಳಗೆ ನೋಡುತ್ತಾನೆನ್ನಿ. ತೋಳಳತೆಯಲ್ಲಿ, ಎಂದರೆ ಕಣ್ಣಿನಿಂದ 60 ಸೆಂಟಿಮೀಟರ್ ದೂರದಲ್ಲಿ ಇಟ್ಟುಕೊಂಡ ವಸ್ತುವಿಗೆ ಹೋಲಿಸಿದರೆ, ಕೆಳಗಿನದೆಲ್ಲ ಅವನಿಗೆ 1,200ರಲ್ಲಿ ಒಂದು ಪಾಲಾಗಿ ಕಾಣುತ್ತದೆ. ಹತ್ತು ಮೀಟರ್ ಉದ್ದದ ಮನೆ ಒಂದು ಕಡಲೆಕಾಳಿನಷ್ಟು. ಮನುಷ್ಯನ ತಲೆ ಹೆಗಲುಗಳು ಸಾಸಿವೆಗಿಂತ ಚಿಕ್ಕ ಚುಕ್ಕೆ. ಮೇಲಿನಿಂದ ನೋಡುವವನಿಗೆ ಮುಖ ಕಾಣುವುದೇ ಇಲ್ಲ. ಯಾರ ಮಾದರಿಯನ್ನು ನಮ್ಮ ಮಿತ್ರರು ಮೇಜಿನ ಮೇಲೆ ಕೂಡಿಸಿದರೋ ಆ ಯಂತ್ರ ತಾನೇ ಒಂದು ಮಾದರಿ ಮಾಡುವ ಯಂತ್ರವಾಗಿತ್ತು. ಅದು ಹಾರಿದ ಕಡೆಯಲ್ಲೆಲ್ಲ ಊರುಗಳು ಆಟಿಕೆಯ ಊರುಗಳಾದುವು. ಒಬ್ಬ ಮನುಷ್ಯನನ್ನು ಎದುರಿಗೆ ನಿಲ್ಲಿಸಿಕೊಂಡು ಕೊಲ್ಲುವುದು ಕಷ್ಟ. ಸಾಸಿವೆಯಂಥ ಚುಕ್ಕೆಯ ಮೇಲೆ ಅಕ್ಕಿಕಾಳನ್ನು ಬೀಳಿಸುವುದಕ್ಕೆ ಕ್ರೌರ್ಯ ಕೂಡ ಬೇಕಾಗುವುದಿಲ್ಲ. ವಿಧೇಯತೆಯಿದ್ದರೆ ಸಾಕು.

ಈ ನೋಟಕ್ಕೂ ಮಾದರಿಗಳಿಗೂ ಇನ್ನೊಂದು ನಂಟು ಚರಿತ್ರೆಯಲ್ಲಿಯೇ ಇದೆ. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲೆಯ ಹುಡುಗರಿಗೆ 5 ಲಕ್ಷ ಮಾದರಿ ವಿಮಾನಗಳನ್ನು ಮಾಡಿಕೊಡಿರೆಂದು ಕರೆ ಕೊಟ್ಟಿತು. ಅಳತೆ ಇದೇ, ಎಪ್ಪತ್ತೆರಡರಲ್ಲಿ ಒಂದು ಪಾಲು. 35 ಅಡಿ ದೂರದಲ್ಲಿ ಇಟ್ಟು ನೋಡಿದರೆ ಇಂಥ ಮಾದರಿ ಅರ್ಧ ಮೈಲಿಯಾಚೆಯ ನಿಜವಾದ ವಿಮಾನದಂತೆ ಕಾಣುತ್ತದೆ. ಬಂದೂಕು ಹಿಡಿದವನು ಯಾವುದು ತಮ್ಮದು, ಯಾವುದು ಪರರದು ಎಂದು ಕ್ಷಣದಲ್ಲಿ ಗುರುತಿಸುವುದನ್ನು ಇವುಗಳಿಂದ ಕಲಿಯಬೇಕಾಗಿತ್ತು. ಹುಡುಗರು ಸಂಜೆ ಕೂತು ಮರ ಕೆತ್ತಿ ಮಾಡಿದ ಗೊಂಬೆ, ಗುರಿ ಕಲಿಸುವ ಗುರುವಾಯಿತು.

ಮಹಾಭಾರತವನ್ನು ಬಲ್ಲವರಿಗೆ ಇದು ಹೊಸದೆನಿಸದು. ದ್ರೋಣರು ಶಿಷ್ಯರನ್ನು ಪರೀಕ್ಷಿಸಲು ಕುಶಲಿಗಳಿಂದ ಒಂದು ಕೃತಕ ಹಕ್ಕಿಯನ್ನು ಮಾಡಿಸಿ ಮರದ ತುದಿಯಲ್ಲಿ ಇಡಿಸಿದರು. ಏನು ಕಾಣುತ್ತದೆ ಎಂದು ಕೇಳಿದಾಗ ಧರ್ಮರಾಯ, ಮರ ಕಾಣುತ್ತದೆ, ನೀವು ಕಾಣುತ್ತೀರಿ, ತಮ್ಮಂದಿರು ಕಾಣುತ್ತಾರೆ, ಹಕ್ಕಿಯೂ ಕಾಣುತ್ತದೆ ಎಂದ. ಗುರುಗಳು ಅವನನ್ನು ಗದರಿ ಅತ್ತ ಸರಿಸಿದರು. ಅರ್ಜುನನಿಗೆ ಕಂಡದ್ದು ಹಕ್ಕಿಯ ತಲೆ ಮಾತ್ರ. ಜನ ಹೇಳುವ ಕಥೆಯಲ್ಲಿ ಕಣ್ಣು ಮಾತ್ರ. ಅವನು ಗೆದ್ದ. ಏಕಾಗ್ರತೆಗೆ ಈ ಕಥೆಯನ್ನು ನಾವು ತರಗತಿಯಲ್ಲಿ ಹೇಳುತ್ತಲೇ ಬಂದಿದ್ದೇವೆ; ನಾನೂ ಹೇಳಿದ್ದೇನೆ, ಮುಂದೆಯೂ ಹೇಳುವೆ. ಆದರೆ ಹಕ್ಕಿ ಕೃತಕವಾಗಿದ್ದಾಗ ಮಾತ್ರ ಅರ್ಜುನನ ಉತ್ತರ ಪೂರ್ತಿ ಸರಿ. ಮರದ ಮೇಲೆ ಜೀವವಿರುವಾಗ, ಮರದ ಕೆಳಗೆ ಜನರಿರುವಾಗ, ಗುರಿಯಲ್ಲದೆ ಬೇರೇನೂ ಕಾಣದ ಕಣ್ಣು ಗುಣವೋ ಕುರುಡೋ? ಪರೀಕ್ಷೆಯಲ್ಲಿ ನಪಾಸಾದ ಧರ್ಮರಾಯನಿಗೆ ತಮ್ಮಂದಿರು ಕಂಡಿದ್ದರು. ಮುಂದೆ ಕುರುಕ್ಷೇತ್ರ ಮುಗಿದ ಮೇಲೆ, ಗೆದ್ದ ರಾಜ್ಯ ಬೇಡವೆಂದು ಕೊರಗಿದವನೂ ಅವನೇ. ಎಲ್ಲವನ್ನೂ ಕಾಣುವ ಕಣ್ಣಿಗೆ ಬಾಣ ಬಿಡುವುದು ಕಷ್ಟ. ಲೋಕಕ್ಕೆ ಅರ್ಜುನರು ಬೇಕು ನಿಜ. ಆದರೆ ಬಾಣ ಬಿಡುವ ಅಪ್ಪಣೆ ಧರ್ಮರಾಯನ ಕಣ್ಣಿರುವವರ ಕೈಯಲ್ಲಿರಬೇಕು.

ಹಾಗಾದರೆ ಮಾದರಿ ಮಾಡುವವನ ಕಣ್ಣು ಯಾರದು? ನನಗೆ ತೋರುವಂತೆ ಅದು ವೈಮಾನಿಕನ ಕಣ್ಣಿಗೆ ನೇರ ವಿರುದ್ಧವಾದದ್ದು. ಇಬ್ಬರೂ ಚಿಕ್ಕದನ್ನೇ ನೋಡುತ್ತಾರೆ. ಆದರೆ ವೈಮಾನಿಕನ ಕೆಲಸ ಸುಗಮವಾಗುವುದು ವಿವರಗಳು ಅಳಿಸಿಹೋದಾಗ. ಮಾದರಿ ಮಾಡುವವನ ಕೆಲಸ ಸಾರ್ಥಕವಾಗುವುದು ವಿವರಗಳು ಉಳಿದಾಗ. ಒಬ್ಬನು ದೂರ ಹೋಗಿ ಚಿಕ್ಕದಾಗಿಸುತ್ತಾನೆ, ಇನ್ನೊಬ್ಬನು ಹತ್ತಿರ ಬಗ್ಗಿ ಚಿಕ್ಕದರಲ್ಲಿ ದೊಡ್ಡದನ್ನು ಹುಡುಕುತ್ತಾನೆ. ನಮ್ಮ ಮಿತ್ರರು ಒಂದು ಆಸರೆಯ ಕಂಬದ ವಾಲಿಕೆ ಕೂದಲೆಳೆಯಷ್ಟು ತಪ್ಪಿತೆಂದು ಒಣಗಿದ ರೆಕ್ಕೆಯನ್ನು ಬಿಚ್ಚಿ ಮತ್ತೆ ಕೂಡಿಸಿದರು. ಯಾರೂ ಕೇಳದಿದ್ದರೂ ನಿಜಕ್ಕೆ ತಲೆಬಾಗುವ ಈ ಗುಣ ಸಾಮಾನ್ಯವಾದದ್ದಲ್ಲ. ಅದಕ್ಕೆ ನನ್ನ ಗೌರವವಿದೆ.

ಗೌರವವಿರುವುದರಿಂದಲೇ ನನ್ನ ತಕರಾರೂ ಇದೆ. ಕಂಬದ ವಾಲಿಕೆಯಲ್ಲಿ ಇಷ್ಟು ನಿಷ್ಠುರವಾದ ಸತ್ಯ, ಕಂಬ ಹೊತ್ತ ರೆಕ್ಕೆ ಯಾರ ಮನೆಯ ಮೇಲೆ ಹಾರಿತೆಂಬ ಪ್ರಶ್ನೆ ಬಂದಾಗ ಏಕೆ ಮೌನವಾಗಬೇಕು? ಬಣ್ಣದ ಛಾಯೆಯ ಬಗ್ಗೆ ವಾದಿಸುವವರು ತಾರೀಖಿನ ಬಗ್ಗೆ ಏಕೆ ವಾದಿಸಬಾರದು? ಅರ್ಧ ಸತ್ಯವನ್ನು ಪೂರ್ತಿ ಶ್ರದ್ಧೆಯಿಂದ ಮಾಡಿದಾಗ ಉಳಿದರ್ಧ ಇಲ್ಲವೇ ಇಲ್ಲವೆಂಬ ಭ್ರಮೆ ಬರುತ್ತದೆ. ನಿಖರತೆಯ ಅಪಾಯ ಇದು.

ವಾಚಕರಲ್ಲಿ ಕೆಲವರು ಕೇಳಬಹುದು: ಬೇಸರದ ಸಂಜೆಯಲ್ಲಿ ಒಬ್ಬ ಗೃಹಸ್ಥ ಅಂಟು, ಬಣ್ಣ ಹಿಡಿದು ಕೂತರೆ ಅಲ್ಲಿಗೂ ಕಣ್ಣೀರು ಹೊತ್ತು ಹೋಗಬೇಕೆ? ಕೋಟೆ ಕೊತ್ತಲಗಳನ್ನು ನೋಡಿ ನಾವು ಹಿಗ್ಗುತ್ತೇವೆ. ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ಗೋಡೆಯ ಬುಡದಲ್ಲಿ ಬಿದ್ದವರನ್ನು ನೆನೆಯುತ್ತೇವೆಯೆ? ಎಲ್ಲ ಸಂತೋಷಕ್ಕೂ ಸುಂಕ ಕಟ್ಟುತ್ತಾ ಕೂತರೆ ಬದುಕುವುದು ಹೇಗೆ? ಈ ಆಕ್ಷೇಪಣೆಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಸದಾ ಶೋಕಿಸುವವನು ಒಳ್ಳೆಯವನೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಮಾದರಿಯನ್ನು ಒಡೆದು ಹಾಕಿರೆಂದು ನಾನು ಹೇಳುತ್ತಿಲ್ಲ. ಒಡೆದರೆ ಗಿಯೋಮೆ ನಡೆದದ್ದೂ ಅದರೊಡನೆ ಹೋಗುತ್ತದೆ. ನಾನು ಕೇಳುವುದು ಇಷ್ಟೆ: ಮಗುವಿನ ಮುಗ್ಧತೆ ತಿಳಿಯದ್ದರಿಂದ ಬಂದದ್ದು, ಅದು ಚೆಲುವು. ಬೆಳೆದವನ ಮುಗ್ಧತೆ ತಿಳಿಯಲೊಲ್ಲದ್ದರಿಂದ ಬಂದರೆ ಅದಕ್ಕೆ ಬೇರೆ ಹೆಸರು ಹುಡುಕಬೇಕಾಗುತ್ತದೆ. ನೆನಪು ಸಂತೋಷವನ್ನು ಕೊಲ್ಲುವುದಿಲ್ಲ. ಅದಕ್ಕೆ ತೂಕ ಕೊಡುತ್ತದೆ. ಗಣಿತ ಕಳೆದ ತೂಕವನ್ನು ಹಿಂದಕ್ಕೆ ತರುವ ದಾರಿ ಅದೊಂದೇ.

ಗಿಯೋಮೆಯ ಕಥೆಗೆ ಒಂದು ಕೊನೆಯುಂಟು. ಆಂಡಿಸ್ ಪರ್ವತ ಕೊಲ್ಲಲಾರದ ಅವನು 1940ರ ನವೆಂಬರಿನಲ್ಲಿ, ಯುದ್ಧದ ನಡುವೆ, ಮೆಡಿಟರೇನಿಯನ್ ಸಮುದ್ರದ ಮೇಲೆ ಹಾರುತ್ತಿದ್ದಾಗ ಇನ್ನೊಂದು ವಿಮಾನದ ಗುಂಡಿಗೆ ಸಿಕ್ಕಿ ಸತ್ತ. ಹೊಡೆದವನ ಕಣ್ಣಿಗೆ ಅವನು ಹಿಮದಲ್ಲಿ ಐದು ದಿನ ನಡೆದವನಾಗಿ ಕಂಡಿರಲಾರ. ದೂರದ ಒಂದು ಆಕೃತಿಯಾಗಿ ಕಂಡ, ಅಷ್ಟೆ. ಮೇಲಿದ್ದವನೂ ಒಂದು ದಿನ ಚುಕ್ಕೆಯಾಗುತ್ತಾನೆ. ಈ ನೋಟಕ್ಕೆ ತನ್ನವರು ಪರರು ಎಂಬ ಭೇದವಿಲ್ಲ.

ಇಂಥ ಪೆಟ್ಟಿಗೆಗಳಲ್ಲಿ ಕೆಲವೊಮ್ಮೆ ವೈಮಾನಿಕನ ಗೊಂಬೆಯೂ ಇರುತ್ತದೆ. ಚರ್ಮದ ಟೊಪ್ಪಿಗೆ ಹಾಕಿಕೊಂಡು ಕುಳಿತ ಒಂದಂಗುಲದ ಆಳು. ಅವನ ಕನ್ನಡಕಕ್ಕೂ ಬಣ್ಣ ಹಚ್ಚುತ್ತಾರೆ. ಕೆಳಗಿನ ಹಳ್ಳಿಯವನ ಗೊಂಬೆ ಯಾವ ಪೆಟ್ಟಿಗೆಯಲ್ಲಿಯೂ ಬರುವುದಿಲ್ಲ. ಅಳತೆಯ ಲೆಕ್ಕದಲ್ಲಿ ಅವನೂ ಒಂದಂಗುಲದವನೇ, ವೈಮಾನಿಕನಿಗಿಂತ ಒಂದು ಎಳೆಯೂ ಚಿಕ್ಕವನಲ್ಲ. ಮಾರುವವರು ಕೊಡದ ಆ ಒಂದು ಚೂರನ್ನು ಕೂಡಿಸುವವನು ತನ್ನ ಮನಸ್ಸಿನಿಂದಲೇ ತಂದು ಸೇರಿಸಬೇಕು. ಅದು ಸೇರುವವರೆಗೆ ಮಾದರಿ ಪೂರ್ಣವಾಯಿತೆಂದು ನಾನು ಒಪ್ಪಲಾರೆ.